ಕಾಕಾಗೆ ಪ್ಯಾಂಕ್ರಿಯಾಸ್ ಕ್ಯಾನ್ಸರ್: ‘ಮ್ಯಾಕ್ರೊಫೇಜ್ ಇಮ್ಯುನೊಥೆರಪಿ’ ಅಂತಿದ್ದಾರೆ, ಇದು ನಿಜವಾಗಿ ಎಲ್ಲಿವರೆಗೆ ಬಂದಿದೆ?

ಬೀದರ್_ಹಳೇಪೇಟೆ

ಎಲ್ಲರಿಗೂ ನಮಸ್ಕಾರ. ನಮ್ಮ ಕಾಕಾಗೆ ಪ್ಯಾಂಕ್ರಿಯಾಸ್ ಕ್ಯಾನ್ಸರ್. ವಯಸ್ಸು 58. ಕಣ್ಣು ಹಳದಿ ಆದಾಗ ಮನೇಲಿ ಕಾಮಣಿ ಅಂತ ತಿಳಿದು ಊರ ಔಷಧ ಕೊಡಿಸಿದರು. ಮೈಯೆಲ್ಲ ತುರಿಕೆ ಶುರುವಾದ ಮೇಲೆ ಹೈದರಾಬಾದಿಗೆ ಕರೆದುಕೊಂಡು ಹೋದೆವು. ಸ್ಕ್ಯಾನ್, ಬಯಾಪ್ಸಿ ಎಲ್ಲ ಆಯಿತು. ಪಿತ್ತನಾಳಕ್ಕೆ ಸ್ಟೆಂಟ್ ಹಾಕಿದ್ದಾರೆ. ಲಿವರ್‌ಗೂ ಹರಡಿದೆ, ಆಪರೇಷನ್ ಆಗೋದಿಲ್ಲ ಎಂದರು. ಈಗ ಜೆಮ್ಸಿಟಾಬಿನ್ ಮತ್ತು ನ್ಯಾಬ್-ಪ್ಯಾಕ್ಲಿಟಾಕ್ಸೆಲ್ ಕೀಮೋ ನಡೆದಿದೆ.

ಕೇಳಬೇಕಾಗಿರೋದು ಇದು. ಕಾಕಿಯ ತಮ್ಮನಿಗೆ ಪರಿಚಯ ಇರುವ ಒಬ್ಬರು "ಮ್ಯಾಕ್ರೊಫೇಜ್ ಇಮ್ಯುನೊಥೆರಪಿ ಬಂದಿದೆ, ಕೀಮೋ ಬೇಕಾಗಿಲ್ಲ, ಟ್ರಯಲ್‌ನಲ್ಲಿ ಜಾಗ ಕೊಡಿಸ್ತೀನಿ, ಮೊದಲು ರಿಜಿಸ್ಟ್ರೇಷನ್ ಹಣ ಕಟ್ಟಿ" ಅಂತ ಬೆನ್ನು ಬಿದ್ದಿದ್ದಾರೆ. ಮನೇಲಿ ಹೊಲ ಮಾರುವ ಮಾತು ಎದ್ದಿದೆ. ನಾನು ಬಿಎಸ್ಸಿ ಓದಿದವನು ಅಂತ ಎಲ್ಲರೂ ನನ್ನ ಮುಖ ನೋಡ್ತಾರೆ. ನೆಟ್‌ನಲ್ಲಿ ಹುಡುಕಿದರೆ ಎಲ್ಲ ಕಡೆ "ಹೊಸ ಭರವಸೆ" ಅಂತಲೇ ಇದೆ. ತಿಳಿದವರು ಬಿಡಿಸಿ ಹೇಳಿ.

ಆಳಂದ_ಇಮ್ಯುನೊ

ತಮ್ಮಾ, ಮೊದಲು ಹೊಲ ಮಾರುವ ಮಾತು ನಿಲ್ಲಿಸಿ. ಉಳಿದದ್ದು ಆಮೇಲೆ.

ನಾನು ಆಳಂದ ಕಡೆಯವನು. ರೋಗನಿರೋಧಕ ಕೋಶಗಳ ಮೇಲೆ ಲ್ಯಾಬ್‌ನಲ್ಲಿ ಕೆಲಸ. ಪೇಶಂಟ್ ನೋಡುವ ಡಾಕ್ಟರ್ ಅಲ್ಲ. ಆದರೆ ಇದನ್ನೇ ಓದಿ ಹೊಟ್ಟೆ ಹೊರೆಯುವವನು, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ, ಬೇಜಾರಾಗಬೇಡಿ.

ಮ್ಯಾಕ್ರೊಫೇಜ್ ಅಂದರೆ ನಮ್ಮ ಮೈಯಲ್ಲೇ ಇರುವ, ನುಂಗಿ ಹಾಕುವ ಒಂದು ರೋಗನಿರೋಧಕ ಕೋಶ. ಅದರ ಮೇಲಿನ ಚಿಕಿತ್ಸೆ ಅನ್ನೋದು ಕಟ್ಟುಕತೆ ಅಲ್ಲ. ದೊಡ್ಡ ದೊಡ್ಡ ಲ್ಯಾಬ್‌ಗಳು, ಕಂಪನಿಗಳು ವರ್ಷಗಟ್ಟಲೆ ಇದರ ಹಿಂದೆ ಬಿದ್ದಿವೆ. ಸುಳ್ಳು ಇರೋದು "ಬಂದಿದೆ" ಅನ್ನೋದರಲ್ಲಿ ಮತ್ತು "ಕೀಮೋ ಬೇಕಾಗಿಲ್ಲ" ಅನ್ನೋದರಲ್ಲಿ. ಪ್ಯಾಂಕ್ರಿಯಾಸ್ ಕ್ಯಾನ್ಸರ್‌ನಲ್ಲಿ ಮ್ಯಾಕ್ರೊಫೇಜ್ ಮೇಲೆ ಗುರಿ ಇಟ್ಟ ಯಾವ ಔಷಧಕ್ಕೂ ಇನ್ನೂ ಒಪ್ಪಿಗೆ ಸಿಕ್ಕಿಲ್ಲ. ನಮ್ಮಲ್ಲೂ ಇಲ್ಲ, ಅಮೆರಿಕದಲ್ಲೂ ಇಲ್ಲ.

ಈಗ ವಿಷಯಕ್ಕೆ ಬರೋಣ. ಪ್ಯಾಂಕ್ರಿಯಾಸ್ ಗಡ್ಡೆಯನ್ನು ಕೊಯ್ದು ನೋಡಿದರೆ ಕ್ಯಾನ್ಸರ್ ಕೋಶಗಳೇ ತುಂಬಿರುತ್ತವೆ ಅಂದುಕೊಳ್ಳುತ್ತೇವೆ. ಹಾಗಿರೋದಿಲ್ಲ. ಬಹಳ ಗಡ್ಡೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಭಾಗ ಗಟ್ಟಿ ನಾರು, ಅದನ್ನು ನೇಯುವ ಫೈಬ್ರೊಬ್ಲಾಸ್ಟ್‌ಗಳು, ಮತ್ತು ರೋಗನಿರೋಧಕ ಕೋಶಗಳು. ಆ ಕೋಶಗಳಲ್ಲಿ ಮ್ಯಾಕ್ರೊಫೇಜ್‌ಗಳದ್ದೇ ದೊಡ್ಡ ಪಾಲು. ಕ್ಯಾನ್ಸರ್ ಕೊಲ್ಲಬೇಕಾದ ಟಿ-ಕೋಶಗಳು ಒಳಗೆ ಕಾಣೋದೇ ಕಡಿಮೆ. ಗಡ್ಡೆಯೊಳಗಿನ ಒತ್ತಡಕ್ಕೆ ರಕ್ತನಾಳಗಳು ಅಪ್ಪಚ್ಚಿ ಆಗಿರುತ್ತವೆ, ಔಷಧವೂ ಸರಿಯಾಗಿ ಒಳಗೆ ಇಳಿಯೋದಿಲ್ಲ.

ಮ್ಯಾಕ್ರೊಫೇಜ್‌ನ ಮೂಲ ಕೆಲಸ ರೋಗಾಣು, ಸತ್ತ ಕೋಶ ಎಲ್ಲವನ್ನೂ ನುಂಗಿ ಹಾಕೋದು. 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿ ಕೂತು ಮೆಚ್ನಿಕಾಫ್ ಅನ್ನೋ ವಿಜ್ಞಾನಿ ನಕ್ಷತ್ರಮೀನಿನ ಮರಿಗೆ ಮುಳ್ಳು ಚುಚ್ಚಿ, ಅದರ ಸುತ್ತ ಕೋಶಗಳು ಬಂದು ಮುತ್ತುವುದನ್ನು ನೋಡಿದ. 1908ರಲ್ಲಿ ನೊಬೆಲ್ ಬಂತು. ಅಂಥ ಕೋಶ ಈ ಗಡ್ಡೆಯೊಳಗೆ ಹೋದರೆ ಬುದ್ಧಿ ಬದಲಾಗುತ್ತದೆ. ಕಣದಲ್ಲಿ ರಾಶಿ ಕಾಯಲು ಇಟ್ಟ ಆಳು ರಾತ್ರಿ ಕಳ್ಳನಿಗೇ ಚೀಲ ಹೊರಿಸಿ ಕಳಿಸಿದ ಹಾಗೆ. ಆರ್ಜಿನೇಸ್ ಅನ್ನೋ ಕಿಣ್ವ ಬಿಟ್ಟು ಟಿ-ಕೋಶಗಳಿಗೆ ಬೇಕಾದ ಆರ್ಜಿನಿನ್ ಅನ್ನೋ ಅಮೈನೊ ಆಮ್ಲವನ್ನು ಖಾಲಿ ಮಾಡುತ್ತದೆ. ಹೊಸ ರಕ್ತನಾಳ ಬೆಳೆಸಲು ಸಹಾಯ ಮಾಡುತ್ತದೆ. ಫೈಬ್ರೊಬ್ಲಾಸ್ಟ್‌ಗಳನ್ನು ಹುರಿದುಂಬಿಸಿ ಇನ್ನಷ್ಟು ನಾರು ಹಾಕಿಸುತ್ತದೆ.

ಕಾಕಾಗೆ ನೇರ ಸಂಬಂಧಪಟ್ಟ ಒಂದು ಸಂಗತಿ ಇದೆ. 2019ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದವರು ತೋರಿಸಿದ್ದು: ಗಡ್ಡೆಯ ಮ್ಯಾಕ್ರೊಫೇಜ್‌ಗಳು ಡಿಆಕ್ಸಿಸೈಟಿಡಿನ್ ಅನ್ನೋ ಪದಾರ್ಥ ಹೊರಗೆ ಸುರಿಯುತ್ತವೆ. ಅದಕ್ಕೂ ಜೆಮ್ಸಿಟಾಬಿನ್‌ಗೂ ರಚನೆಯಲ್ಲಿ ಹೆಚ್ಚು ವ್ಯತ್ಯಾಸ ಇಲ್ಲ. ಕ್ಯಾನ್ಸರ್ ಕೋಶದೊಳಗೆ ಎರಡಕ್ಕೂ ಪೈಪೋಟಿ ಬಿದ್ದು ಔಷಧದ ಕೆಲಸ ಕುಂಠಿತ ಆಗುತ್ತದೆ. ಇಲಿಗಳಲ್ಲಿ ಮ್ಯಾಕ್ರೊಫೇಜ್ ಕಡಿಮೆ ಮಾಡಿದಾಗ ಜೆಮ್ಸಿಟಾಬಿನ್ ಚೆನ್ನಾಗಿ ನಾಟಿತು.

ಶಹಾಪುರ_ಮಾಸ್ತರ

ಚೆನ್ನಾಗಿ ಬರೆದಿರಿ ಸರ್. ಆದರೆ ನಂದೊಂದು ಸೀದಾ ಪ್ರಶ್ನೆ. ರಾಶಿ ಕಾಯೋ ಆಳು ಕಳ್ಳನ ಕಡೆ ಸೇರಿದ್ದಾನೆ ಅಂದಮೇಲೆ ಅವನನ್ನು ಓಡಿಸಿದರೆ ಮುಗೀತಲ್ಲ? ಅದಕ್ಕೆ ಇಷ್ಟು ವರ್ಷ ಯಾಕೆ ಬೇಕು?

ಆಳಂದ_ಇಮ್ಯುನೊ

ಮಾಸ್ತರ್ರೇ, ಅವರೂ ಮೊದಲು ಅದನ್ನೇ ಮಾಡಿದ್ದು.

ಮ್ಯಾಕ್ರೊಫೇಜ್ ಬದುಕಿರೋದಕ್ಕೆ ಸಿಎಸ್‌ಎಫ್-1 ಅನ್ನೋ ಸಂಕೇತ ಬೇಕು. ಅದನ್ನು ಹಿಡಿಯುವ ಗ್ರಾಹಕವನ್ನೇ ಮುಚ್ಚಿಬಿಟ್ಟರೆ ಕೋಶ ಸಾಯುತ್ತದೆ. 2014ರಲ್ಲಿ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಇಲಿಗಳಲ್ಲಿ ಇದನ್ನೂ ಟಿ-ಕೋಶಗಳ ಬ್ರೇಕ್ ಬಿಡಿಸುವ ಚೆಕ್‌ಪಾಯಿಂಟ್ ಔಷಧವನ್ನೂ ಸೇರಿಸಿ ಕೊಟ್ಟಾಗ ಗಡ್ಡೆ ಕುಗ್ಗಿತು. ಎಲ್ಲರಿಗೂ ಹುರುಪು ಬಂತು. ಮನುಷ್ಯರಲ್ಲಿ ಆ ಗ್ರಾಹಕ ಮುಚ್ಚುವ ಕ್ಯಾಬಿರಾಲಿಜುಮಾಬ್ ಮತ್ತು ಚೆಕ್‌ಪಾಯಿಂಟ್ ಔಷಧ ನಿವೊಲುಮಾಬ್ ಜೋಡಿಯನ್ನು ಎರಡನೇ ಹಂತದ ಟ್ರಯಲ್‌ಗೆ ಹಾಕಿದರು. ಕೀಮೋ ಜೊತೆ ಕೊಟ್ಟ ಗುಂಪು ಇತ್ತು, ಕೀಮೋ ಇಲ್ಲದೆ ಕೊಟ್ಟ ಗುಂಪೂ ಇತ್ತು. 2020ರ ಫೆಬ್ರವರಿಯಲ್ಲಿ ಫಲಿತಾಂಶ ಬಂತು: ಕೀಮೋ ಒಂದನ್ನೇ ತೆಗೆದುಕೊಂಡವರಿಗಿಂತ ರೋಗ ಹೆಚ್ಚು ದಿನ ತಡೆದು ನಿಲ್ಲಲಿಲ್ಲ. ಅಲ್ಲಿಗೆ ಆ ಕತೆ ಮುಗೀತು.

ಇನ್ನೊಂದು ದಾರಿ, ಹೊಸ ಆಳು ಬರದ ಹಾಗೆ ಬಾಗಿಲಲ್ಲೇ ತಡೆಯೋದು. ಗಡ್ಡೆ ಸಿಸಿಎಲ್-2 ಅನ್ನೋ ಸಂಕೇತ ಬಿಟ್ಟು ರಕ್ತದಿಂದ ಮೊನೊಸೈಟ್‌ಗಳನ್ನು ಕರೆಸಿಕೊಳ್ಳುತ್ತದೆ, ಅವು ಒಳಗೆ ಬಂದು ಮ್ಯಾಕ್ರೊಫೇಜ್ ಆಗುತ್ತವೆ. ಈ ಕರೆ ಕೇಳಿಸಿಕೊಳ್ಳುವ ಸಿಸಿಆರ್-2 ಗ್ರಾಹಕವನ್ನು ಮುಚ್ಚುವ ಮಾತ್ರೆಯನ್ನು ಫಾಲ್ಫಿರಿನಾಕ್ಸ್ ಕೀಮೋ ಜೊತೆ ಕೊಟ್ಟರು. ಇನ್ನೂ ದೂರ ಹರಡದ, ಆದರೆ ಆಪರೇಷನ್‌ಗೆ ಕಷ್ಟ ಇದ್ದವರಿಗೆ. 2016ರಲ್ಲಿ ಲ್ಯಾನ್ಸೆಟ್ ಆಂಕಾಲಜಿಯಲ್ಲಿ ಬಂತು: ಮತ್ತೆ ಸ್ಕ್ಯಾನ್ ಮಾಡಿಸಿದ 33 ಮಂದಿಯಲ್ಲಿ 16 ಮಂದಿಯ ಗಡ್ಡೆ ಕುಗ್ಗಿತ್ತು. ಚಿಕ್ಕ ಟ್ರಯಲ್, ಆದರೂ ಆಸೆ ಹುಟ್ಟಿಸಿತ್ತು. ಆಮೇಲೆ ಅದೇ ಮಾತ್ರೆಯನ್ನು ಹರಡಿದ ರೋಗಕ್ಕೆ, ಕಾಕಾಗೆ ಕೊಡ್ತಿರೋ ಕೀಮೋ ಜೊತೆಗೇ ಕೊಟ್ಟು ನೋಡಿದರು. 21 ಮಂದಿಯಲ್ಲಿ ಸುಮಾರು ಕಾಲು ಭಾಗದವರಿಗೆ ಶ್ವಾಸಕೋಶದ ತೊಂದರೆ ಬಂತು, ಕೀಮೋಗಿಂತ ಹೆಚ್ಚಿನ ಲಾಭ ಕಾಣಲಿಲ್ಲ.

ಯಾಕೆ ಹೀಗಾಯಿತು ಅನ್ನೋದು ನನಗೆ ಭಾಳ ಇಷ್ಟದ ಭಾಗ. ಮ್ಯಾಕ್ರೊಫೇಜ್ ತೆಗೆದರೆ ಜಾಗ ಖಾಲಿ ಉಳಿಯೋದಿಲ್ಲ. ಸಿಎಸ್‌ಎಫ್-1 ಗ್ರಾಹಕ ಮುಚ್ಚಿದಾಗ ಫೈಬ್ರೊಬ್ಲಾಸ್ಟ್‌ಗಳು ಸುಮ್ನೆ ಕೂರದೆ ಬೇರೆ ಸಂಕೇತ ಬಿಟ್ಟು ನ್ಯೂಟ್ರೊಫಿಲ್ ಅನ್ನೋ ಬಿಳಿ ರಕ್ತಕಣದ ಜಾತಿಯ ಕೋಶಗಳನ್ನು ಕರೆಸುತ್ತವೆ. 2017ರಲ್ಲಿ ಇದನ್ನು ಇಲಿಗಳಲ್ಲಿ ತೋರಿಸಿದರು. ಸಿಸಿಆರ್-2 ಮುಚ್ಚಿದಾಗಲೂ ಹೀಗೇ ನ್ಯೂಟ್ರೊಫಿಲ್‌ಗಳು ನುಗ್ಗಿದವು. ಟಿ-ಕೋಶಗಳನ್ನು ಹತ್ತಿಕ್ಕೋದರಲ್ಲಿ ಇವೂ ಕಮ್ಮಿ ಇಲ್ಲ.

ಇನ್ನೊಂದು ಇದೆ. ಎಲ್ಲ ಮ್ಯಾಕ್ರೊಫೇಜ್‌ಗಳೂ ರಕ್ತದಿಂದ ಬಂದವಲ್ಲ. ಕೆಲವು ಕೋಶಗಳು ನಾವು ತಾಯಿ ಗರ್ಭದಲ್ಲಿದ್ದಾಗಲೇ ಪ್ಯಾಂಕ್ರಿಯಾಸ್‌ನಲ್ಲಿ ಬಂದು ಕೂತು, ಅಲ್ಲೇ ವಂಶ ಬೆಳೆಸುತ್ತವೆ. ಸೇಂಟ್ ಲೂಯಿಸ್‌ನ ಅದೇ ತಂಡ 2017ರಲ್ಲಿ ಹೇಳಿದ್ದು, ನಾರು ಹಾಕಿಸೋದರಲ್ಲಿ ಈ ಸ್ಥಳೀಯರ ಕೈವಾಡ ಜಾಸ್ತಿ ಅಂತ. ಬಾಗಿಲಲ್ಲಿ ಕಾವಲು ಹಾಕಿದರೆ ಮೊದಲೇ ಒಳಗಿರೋರಿಗೆ ಏನು ಆಗುತ್ತೆ ಹೇಳಿ?

ಶಹಾಪುರ_ಮಾಸ್ತರ

ಅಂದರೆ ಓಡಿಸೋದು ಆಗಲಿಲ್ಲ, ತಡೆಯೋದು ಆಗಲಿಲ್ಲ. ಉಳಿದದ್ದು ಬುದ್ಧಿ ಹೇಳೋದು. 35 ವರ್ಷ ಶಾಲೇಲಿ ಅದನ್ನೇ ಮಾಡಿದೆ, ಅದು ಎಷ್ಟು ಕಷ್ಟ ಅಂತ ನನಗೆ ಗೊತ್ತು 😀

ಹುಮನಾಬಾದ್_ನ್ಯಾಚುರಲ್

ಇಷ್ಟೆಲ್ಲ ತಲೆ ಯಾಕೆ ಕೆಡಿಸ್ಕೋತೀರಿ. ಇಮ್ಯುನಿಟಿ ಕಮ್ಮಿ ಆದರೆ ಕ್ಯಾನ್ಸರ್ ಬರುತ್ತೆ. ಅಮೃತಬಳ್ಳಿ ಕಷಾಯ ದಿನಾ ಎರಡು ಹೊತ್ತು ಕೊಡಿ, ಇಮ್ಯುನಿಟಿ ತಾನೇ ಏರುತ್ತೆ. ನಮ್ಮ ಹಿರಿಯರು ಇದನ್ನೇ ಕುಡಿದು ನೂರು ವರ್ಷ ಬದುಕಿದರು.

ಯಾದಗಿರಿ_ಸಿಸ್ಟರ್

ಅಣ್ಣಾ, ದಯವಿಟ್ಟು ಇದನ್ನು ಕೀಮೋ ಪೇಶಂಟ್‌ಗೆ ಹೇಳಬೇಡಿ. 2021ರಲ್ಲಿ ಮುಂಬೈನ ಲಿವರ್ ಡಾಕ್ಟರುಗಳು ಅಮೃತಬಳ್ಳಿ ಕುಡಿದು ಲಿವರ್ ಕೆಟ್ಟವರ ಬಗ್ಗೆ ಬರೆದಿದ್ದಾರೆ. ಇಲ್ಲಿ ಕಾಕಾಗೆ ಲಿವರ್‌ಗೆ ಹರಡಿದೆ, ಮೇಲೆ ಸ್ಟೆಂಟ್ ಬೇರೆ. ಲಿವರ್ ರಿಪೋರ್ಟ್ ಏರಿದರೆ ಡಾಕ್ಟರು ಕೀಮೋ ಮುಂದಕ್ಕೆ ಹಾಕುತ್ತಾರೆ. ಯಾವುದರಿಂದ ಏರಿತು ಅಂತ ಆಮೇಲೆ ಯಾರಿಗೂ ಗೊತ್ತಾಗೋದಿಲ್ಲ.

ಆಳಂದ_ಇಮ್ಯುನೊ

ಸಿಸ್ಟರ್ ಹೇಳಿದ್ದಕ್ಕೆ ಒಂದು ಮಾತು ಸೇರಿಸ್ತೀನಿ. "ಇಮ್ಯುನಿಟಿ ಏರಿಸೋದು" ಅನ್ನೋ ಲೆಕ್ಕವೇ ಇಲ್ಲಿ ನಡೆಯೋದಿಲ್ಲ. ಗಡ್ಡೆಯೊಳಗೆ ರೋಗನಿರೋಧಕ ಕೋಶಗಳಿಗೆ ಬರ ಇಲ್ಲ, ಉರಿಯೂತಕ್ಕೂ ಬರ ಇಲ್ಲ. 2023ರಲ್ಲಿ ಮಿಲಾನ್‌ನ ಸ್ಯಾನ್ ರಫೇಲ್ ತಂಡ ನೇಚರ್ ಪತ್ರಿಕೆಯಲ್ಲಿ ಬರೆದದ್ದು ಇದೇ: ಇಂಟರ್‌ಲ್ಯೂಕಿನ್-1 ಬೀಟಾ ಅನ್ನೋ ಉರಿಯೂತದ ಸಂಕೇತ ಬಿಡುವ ಒಂದು ಬಗೆಯ ಮ್ಯಾಕ್ರೊಫೇಜ್‌ಗಳು ಕ್ಯಾನ್ಸರ್ ಕೋಶಗಳ ಪಕ್ಕದಲ್ಲೇ ಕೂತು ಉರಿ ಹಚ್ಚುತ್ತವೆ, ಆ ಉರಿಯಿಂದಲೇ ಗಡ್ಡೆ ಬೆಳೆಯುತ್ತದೆ. ಇವು ಮೇಲ್ನೋಟಕ್ಕೆ ಚುರುಕಾದ, "ಒಳ್ಳೆಯ" ಮ್ಯಾಕ್ರೊಫೇಜ್ ಥರ ಕಾಣುತ್ತವೆ.

ಅದಕ್ಕೇ ಮ್ಯಾಕ್ರೊಫೇಜ್‌ನಲ್ಲಿ ಎರಡೇ ಬಗೆ, ಎಂ-1 ಒಳ್ಳೇದು, ಎಂ-2 ಕೆಟ್ಟದ್ದು ಅನ್ನೋ ಹಳೇ ಪಾಠ ಈಗ ಲ್ಯಾಬ್‌ಗಳಲ್ಲಿ ಯಾರೂ ಹಾಗೇ ನಂಬೋದಿಲ್ಲ. ಒಂದೊಂದೇ ಕೋಶದ ಆರ್‌ಎನ್‌ಎ ಓದಿ ನೋಡಿದರೆ ಒಂದೇ ಗಡ್ಡೆಯಲ್ಲಿ ಹಲವು ಬಗೆ ಇವೆ. ಯೂಟ್ಯೂಬ್‌ನಲ್ಲಿ ಮಾತ್ರ ಇನ್ನೂ ಎರಡೇ.

ಬೀದರ್_ಹಳೇಪೇಟೆ

ಎಲ್ಲರಿಗೂ ಥ್ಯಾಂಕ್ಸ್ ರೀ. ಆ ಮನುಷ್ಯನಿಗೆ "ಏನಾದರೂ ಆಧಾರ ಕಳಿಸಿ" ಅಂತ ಕೇಳಿದ್ದೆ. ಒಂದು ಪಿಡಿಎಫ್ ಕಳಿಸಿದ್ದಾರೆ. ಸಿಡಿ-40 ಅಂತ ಏನೋ ಇದೆ. ಕೂತು ಓದಿದೆ, ಚಿತ್ರಗಳೆಲ್ಲ ಇಲಿಯವು. ಗಡ್ಡೆ ಪೂರ್ತಿ ಕರಗಿದ ಗ್ರಾಫ್ ಇದೆ. ಇದು ಸುಳ್ಳು ಪೇಪರಾ, ನಿಜದ್ದಾ?

ಆಳಂದ_ಇಮ್ಯುನೊ

ಪೇಪರ್ ನಿಜದ್ದೇ ಇರಬಹುದು. ಅದನ್ನು ತೋರಿಸಿ ಹಣ ಕೇಳೋದು ಮೋಸ.

ಸಿಡಿ-40 ದಾರಿ ಮಾಸ್ತರ್ರು ಹೇಳಿದ ಬುದ್ಧಿ ಹೇಳುವ ದಾರಿ. ಮ್ಯಾಕ್ರೊಫೇಜ್ ಮೇಲೆ, ಇನ್ನೂ ಕೆಲವು ಕೋಶಗಳ ಮೇಲೆ ಸಿಡಿ-40 ಅನ್ನೋ ಗ್ರಾಹಕ ಇರುತ್ತದೆ. ಅದನ್ನು ಪ್ರತಿಕಾಯದಿಂದ (ಆ್ಯಂಟಿಬಾಡಿ) ಒತ್ತಿದರೆ ಕೋಶ ಎಚ್ಚರಗೊಳ್ಳುತ್ತದೆ. 2011ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು ಸೈನ್ಸ್ ಪತ್ರಿಕೆಯಲ್ಲಿ ಬರೆದರು: ಜೆಮ್ಸಿಟಾಬಿನ್ ಜೊತೆ ಈ ಪ್ರತಿಕಾಯ ಕೊಟ್ಟ 21 ರೋಗಿಗಳಲ್ಲಿ 4 ಮಂದಿಯ ಗಡ್ಡೆ ಗಣನೀಯವಾಗಿ ಕುಗ್ಗಿತು. ಟಿ-ಕೋಶಗಳು ಈ ಕೆಲಸ ಮಾಡಿವೆ ಅಂದುಕೊಂಡಿದ್ದರು. ಇಲಿಗಳಲ್ಲಿ ಪರೀಕ್ಷಿಸಿದರೆ ಕೆಲಸ ಮಾಡಿದ್ದು ಮ್ಯಾಕ್ರೊಫೇಜ್‌ಗಳು! ರಕ್ತದಿಂದ ಗಡ್ಡೆಗೆ ನುಗ್ಗಿ ಕ್ಯಾನ್ಸರ್ ಕೋಶ ಕೊಂದವು, ನಾರನ್ನೂ ಕಿತ್ತುಹಾಕಿದವು. ಅಲ್ಲಿಂದಲೇ ಮ್ಯಾಕ್ರೊಫೇಜ್ ಎರಡೂ ಕಡೆ ವಾಲಬಲ್ಲದು ಅನ್ನೋ ನಂಬಿಕೆ ಗಟ್ಟಿಯಾಗಿದ್ದು.

ಆಮೇಲೆ ದೊಡ್ಡದಾಗಿ ನೋಡಿದರು. ಪ್ರಿನ್ಸ್ ಅನ್ನೋ ಟ್ರಯಲ್, 2022ರಲ್ಲಿ ನೇಚರ್ ಮೆಡಿಸಿನ್‌ನಲ್ಲಿ ಬಂತು. ಹರಡಿದ ರೋಗ ಇದ್ದವರು, ಎಲ್ಲರಿಗೂ ಕಾಕಾ ತಗೊಳ್ತಿರೋ ಕೀಮೋನೇ. ಮೂರು ಗುಂಪು, ಒಂದೊಂದರಲ್ಲಿ 35ರ ಆಸುಪಾಸು. ಹಳೆಯ ಲೆಕ್ಕದಲ್ಲಿ ಈ ಕೀಮೋದಿಂದ ಒಂದು ವರ್ಷ ದಾಟಿ ಬದುಕುವವರು ನೂರಕ್ಕೆ 35. ಕೀಮೋ ಜೊತೆ ನಿವೊಲುಮಾಬ್ ಸೇರಿಸಿದಾಗ 57.7. ಕೀಮೋ ಜೊತೆ ಸಿಡಿ-40 ಪ್ರತಿಕಾಯ ಸೊಟಿಗಾಲಿಮಾಬ್ ಸೇರಿಸಿದಾಗ 48.1. ಮೂರನ್ನೂ ಸೇರಿಸಿದರೆ ಇನ್ನೂ ಏರಬೇಕಿತ್ತು, ಅಲ್ವಾ? 41.3ಕ್ಕೆ ಇಳಿಯಿತು. ಮೊದಲ ಗುಂಪು ಮಾತ್ರ ಇಟ್ಟುಕೊಂಡಿದ್ದ ಗುರಿ ಮುಟ್ಟಿತು.

2024ರಲ್ಲಿ ಇನ್ನೊಂದು ಬಂತು, ಆಪ್ಟಿಮೈಜ್-1. ಸ್ವೀಡನ್ ಕಂಪನಿಯೊಂದರ ಮಿಟಾಜಾಲಿಮಾಬ್ ಅನ್ನೋ ಸಿಡಿ-40 ಪ್ರತಿಕಾಯ, ಜೊತೆಗೆ ಫಾಲ್ಫಿರಿನಾಕ್ಸ್. 57 ಮಂದಿಯಲ್ಲಿ ನೂರಕ್ಕೆ 40ರಷ್ಟು ಜನರ ಗಡ್ಡೆ ಕುಗ್ಗಿತು, ಬದುಕಿದ ಅವಧಿಯ ಮಧ್ಯಾಂಕ (ಅರ್ಧ ಜನ ಅದಕ್ಕಿಂತ ಹೆಚ್ಚು ಬದುಕಿದ ಲೆಕ್ಕ) 14.3 ತಿಂಗಳು. 2011ರ ದೊಡ್ಡ ಟ್ರಯಲ್‌ನಲ್ಲಿ ಫಾಲ್ಫಿರಿನಾಕ್ಸ್ ಒಂದೇ ಕೊಟ್ಟಾಗ ಅದು 11.1 ತಿಂಗಳು ಇತ್ತು. ಓದಲು ಚೆನ್ನಾಗಿದೆ. ಆದರೆ ಇದರಲ್ಲಿ ಹೋಲಿಸಲು ಎದುರು ಗುಂಪು ಇರಲಿಲ್ಲ. ಬೇರೆ ಕಾಲದ, ಬೇರೆ ಆಸ್ಪತ್ರೆಗಳ ಲೆಕ್ಕವನ್ನು ಪಕ್ಕಪಕ್ಕ ಇಟ್ಟು ಗೆದ್ದೆವು ಅನ್ನೋಕೆ ಬರೋದಿಲ್ಲ. ಚೀಟಿ ಎತ್ತಿ ಎರಡು ಗುಂಪು ಮಾಡಿದ ದೊಡ್ಡ ಟ್ರಯಲ್ ಗೆದ್ದರೆ ನಾನೇ ಮೊದಲು ಬಂದು ಇಲ್ಲಿ ಹಾಕ್ತೀನಿ.

ಇಷ್ಟು ಹೇಳಿದ್ದು ಒಂದು ಕಾರಣಕ್ಕೆ. ಈ ದಾರಿಯಲ್ಲಿ ಸ್ವಲ್ಪವಾದರೂ ಆಸೆ ಹುಟ್ಟಿಸಿದ ಟ್ರಯಲ್‌ಗಳನ್ನೆಲ್ಲ ಎಣಿಸಿ ನೋಡಿ: ಎಲ್ಲದರಲ್ಲೂ ಕೀಮೋ ಇದೆ. ಕೀಮೋ ಕ್ಯಾನ್ಸರ್ ಕೋಶ ಒಡೆಯಬೇಕು, ಒಡೆದ ಚೂರು ನೋಡಿಯೇ ಈ ಕೋಶಗಳು ಶತ್ರು ಯಾರು ಅಂತ ಗುರುತು ಹಿಡಿಯಬೇಕು, ಅದು ಅವರ ಲೆಕ್ಕಾಚಾರ. ಕೀಮೋ ಬಿಡಿ ಅಂತ ಹೇಳುವವನು ಮ್ಯಾಕ್ರೊಫೇಜ್ ಬಗ್ಗೆ ಏನೂ ಓದಿಲ್ಲ.

ಶಹಾಪುರ_ಮಾಸ್ತರ

ಇಲಿಯಲ್ಲಿ ಪೂರ್ತಿ ಕರಗಿದ್ದು ಮನುಷ್ಯನಲ್ಲಿ ಯಾಕೆ ಕರಗೋದಿಲ್ಲ? ಪ್ರತಿ ಸಲ ಇದೇ ಕತೆ ಕೇಳಿ ಸಾಕಾಗಿದೆ ನನಗೆ. ಪೇಪರ್‌ನಲ್ಲಿ ಕ್ಯಾನ್ಸರ್ ವಾರಕ್ಕೊಮ್ಮೆ ಗುಣ ಆಗುತ್ತೆ, ವಾರ್ಡಿನಲ್ಲಿ ಆಗೋದಿಲ್ಲ.

ಆಳಂದ_ಇಮ್ಯುನೊ

ನಿಮ್ಮ ಸಿಟ್ಟು ನ್ಯಾಯವಾದದ್ದೇ ಸರ್.

ಇಲಿಗಳಲ್ಲೂ ಬಗೆ ಇವೆ. ಚರ್ಮದ ಕೆಳಗೆ ಕ್ಯಾನ್ಸರ್ ಕೋಶ ಚುಚ್ಚಿದರೆ ಕೆಲವೇ ವಾರದಲ್ಲಿ ಗಡ್ಡೆ ಬರುತ್ತೆ, ಅದಕ್ಕೆ ಅಷ್ಟು ನಾರು ಇರೋದಿಲ್ಲ, ಅದು ಕರಗೋದು ಸುಲಭ. 2005ರಲ್ಲಿ ಕೆಪಿಸಿ ಅನ್ನೋ ಇಲಿ ಬಂತು. ಅದರ ಪ್ಯಾಂಕ್ರಿಯಾಸ್‌ನಲ್ಲೇ ಕೆರಾಸ್ ಮತ್ತು ಪಿ-53 ಜೀನ್‌ಗಳು ಕೆಟ್ಟಿರುತ್ತವೆ, ಗಡ್ಡೆ ತಾನಾಗಿ ಹುಟ್ಟುತ್ತೆ, ನಾರೂ ಮನುಷ್ಯರ ಗಡ್ಡೆಯ ಥರ ಇರುತ್ತೆ. ಅದರಲ್ಲಿ ಗೆದ್ದರೆ ಸ್ವಲ್ಪ ನಂಬಬಹುದು. ಆದರೂ ಆ ಇಲಿ ಶುಚಿಯಾದ ಪೆಟ್ಟಿಗೆಯಲ್ಲಿ ಬೆಳೆದ ಎಳೇ ಪ್ರಾಣಿ. ಮನುಷ್ಯನ ಗಡ್ಡೆ ಕಣ್ಣಿಗೆ ಬೀಳುವ ಮೊದಲು ಎಷ್ಟೋ ವರ್ಷ ಒಳಗೇ ಬೆಳೆದಿರುತ್ತೆ. ಅಷ್ಟರಲ್ಲಿ ಸಕ್ಕರೆ ಕಾಯಿಲೆ, ಸೋಂಕು, ವಯಸ್ಸು ಎಲ್ಲ ಸೇರಿ ಅವನ ಮ್ಯಾಕ್ರೊಫೇಜ್‌ಗಳು ಬೇರೆಯೇ ಆಗಿರುತ್ತವೆ.

ನಾರನ್ನು ಸುಮ್ನೆ ಕಿತ್ತುಹಾಕೋದೂ ಕೈಕೊಟ್ಟಿದೆ. 2014ರಲ್ಲಿ ಎರಡು ತಂಡಗಳು ಇಲಿಗಳಲ್ಲಿ ನಾರು ನೇಯುವ ಕೋಶಗಳನ್ನು ಕಡಿಮೆ ಮಾಡಿದರೆ ಗಡ್ಡೆ ಇನ್ನೂ ಕ್ರೂರವಾಗಿದ್ದನ್ನು ಕಂಡವು. 2019ರಲ್ಲಿ ನಾರಿನ ನಡುವೆ ತುಂಬಿರುವ ಹಯಲುರಾನ್ ಅನ್ನೋ ಅಂಟು ಪದಾರ್ಥ ಕರಗಿಸುವ ಔಷಧ ಮೂರನೇ ಹಂತದಲ್ಲಿ ಸೋತಿತು. ಒಂದನ್ನು ಎಳೆದರೆ ಇನ್ನೊಂದು ಸಡಿಲ ಆಗುತ್ತೆ, ಯಾವುದು ಅಂತ ಮೊದಲೇ ಹೇಳೋಕೆ ಬರೋದಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಮ್ಯಾಕ್ರೊಫೇಜ್‌ಗಳನ್ನು ಗುಂಪಾಗಿ ಕೊಲ್ಲುವ ದಾರಿ ಮುಗಿದ ಹಾಗೇ. ತಿರುಗಿಸುವ ದಾರಿ ಮುಗಿದಿಲ್ಲ. ಆದರೆ ಯಾರ ಗಡ್ಡೆಯಲ್ಲಿ ಯಾವ ಬಗೆಯವು ಇವೆ ಅಂತ ನೋಡದೆ ಎಲ್ಲರಿಗೂ ಒಂದೇ ಔಷಧ ಕೊಟ್ಟು, ಸರಾಸರಿ ತೆಗೆದು, ಸೋತಿತು ಅಂತ ಫೈಲ್ ಮುಚ್ಚುತ್ತಿದ್ದಾರೆ, ಅದು ನನಗೆ ಸಿಟ್ಟು ಬರಿಸುತ್ತೆ. ನೋಡಬೇಕು ಅಂದರೆ ಚಿಕಿತ್ಸೆಗೆ ಮೊದಲು ಒಂದು, ನಂತರ ಒಂದು ಬಯಾಪ್ಸಿ ಬೇಕು. ಹೊಟ್ಟೆಯ ಹಿಂಭಾಗದಲ್ಲಿ ಅಡಗಿರೋ ಅಂಗಕ್ಕೆ ಎರಡೆರಡು ಸಲ ಸೂಜಿ ಹಾಕಿಸಿಕೊಳ್ಳಿ ಅಂತ ಸುಸ್ತಾದ ರೋಗಿಗೆ ಹೇಳೋದು ಯಾರಿಗೂ ಸುಲಭ ಅಲ್ಲ.

ಸೂಪರ್‌ಮಾರ್ಕೆಟ್_ಮೆಡಿಕಲ್ಸ್

ನಡುವೆ ಬಾಯಿ ಹಾಕ್ತೀನಿ, ಕಲಬುರಗಿಯಲ್ಲಿ ಮೆಡಿಕಲ್ ಶಾಪ್ ಇದೆ ನಮ್ಮದು. ಸಿಡಿ-47 ಅಂತಲೂ ಒಂದು ಕೇಳಿದ್ದೆ. ಕ್ಯಾನ್ಸರ್ ಕೋಶ "ನನ್ನ ತಿನ್ನಬೇಡ" ಅಂತ ಹೇಳೋ ಸಂಕೇತ ಅಂತೆ. ಅದು ಏನಾಯ್ತು?

ಆಳಂದ_ಇಮ್ಯುನೊ

ಐಡಿಯಾ ಸೊಗಸಾಗಿತ್ತು. ಸಿಡಿ-47 ಮುಚ್ಚಿದರೆ ಮ್ಯಾಕ್ರೊಫೇಜ್ ಕ್ಯಾನ್ಸರ್ ಕೋಶ ನುಂಗಬೇಕು. ತೊಂದರೆ ಏನಂದರೆ ಕೆಂಪು ರಕ್ತಕಣದ ಮೇಲೂ ಅದೇ ಸಂಕೇತ ಇದೆ, ಅವನ್ನೂ ನುಂಗಿ ರಕ್ತಹೀನತೆ ಬರುತ್ತೆ. ಎಲ್ಲರಿಗಿಂತ ಮುಂದೆ ಇದ್ದ ಮ್ಯಾಗ್ರೊಲಿಮಾಬ್ ರಕ್ತದ ಕ್ಯಾನ್ಸರ್‌ಗಳಲ್ಲೇ ಸೋತು 2024ರಲ್ಲಿ ನಿಂತುಹೋಯಿತು. ಪ್ಯಾಂಕ್ರಿಯಾಸ್ ಇನ್ನೂ ದೂರದ ಮಾತು.

ಸೂಪರ್‌ಮಾರ್ಕೆಟ್_ಮೆಡಿಕಲ್ಸ್

ಸರಿ ಸರ್. ಬೀದರ್ ತಮ್ಮನಿಗೆ ಹಣದ ಬಗ್ಗೆ ನನ್ನ ಮಾತು. ನಮ್ಮ ದೇಶದಲ್ಲಿ ಔಷಧದ ಟ್ರಯಲ್ ನಡೆದರೆ ಅದು ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನಡೆಸುವ ಟ್ರಯಲ್‌ಗಳ ನೋಂದಣಿ, ಸಿಟಿಆರ್‌ಐ ದಾಖಲೆಯಲ್ಲಿ ಇರಲೇಬೇಕು, 2009ರಿಂದ ಕಡ್ಡಾಯ. ಯಾರು ಬೇಕಾದರೂ ಪುಕ್ಕಟೆ ತೆರೆದು ನೋಡಬಹುದು. ನಂಬರು ಸಿಟಿಆರ್‌ಐ ಅಂತ ಶುರುವಾಗಿ ವರ್ಷ, ತಿಂಗಳು ಇರುತ್ತೆ. ಅದನ್ನು ಹಾಕಿದರೆ ಯಾವ ಆಸ್ಪತ್ರೆ, ಯಾವ ಡಾಕ್ಟರು, ಯಾವ ನೀತಿ ಸಮಿತಿ ಒಪ್ಪಿಗೆ ಕೊಟ್ಟಿದೆ ಎಲ್ಲ ಬರುತ್ತೆ. 2019ರ ನಿಯಮದ ಪ್ರಕಾರ ಟ್ರಯಲ್‌ನಿಂದ ಹಾನಿ ಆದರೆ ಚಿಕಿತ್ಸೆಯನ್ನೂ ಪರಿಹಾರವನ್ನೂ ನಡೆಸುವವರೇ ಕೊಡಬೇಕು. ರೋಗಿಯಿಂದ ಮುಂಗಡ ತಗೊಂಡು ಜಾಗ ಕೊಡಿಸೋ ದಲಾಲಿ ಪದ್ಧತಿ ಅದರಲ್ಲಿ ಎಲ್ಲೂ ಇಲ್ಲ.

ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಕಲಬುರಗಿಯಲ್ಲಿ ಕಿದ್ವಾಯಿಯವರ ಕೇಂದ್ರ ಇದೆ, ಇದೇ ಕೀಮೋ ಅಲ್ಲಿ ಮುಂದುವರಿಸಬಹುದಾ ಅಂತ ಹೈದರಾಬಾದ್ ಡಾಕ್ಟರನ್ನೇ ಕೇಳಿ ಒಂದು ಪತ್ರ ಬರೆಸಿಕೊಳ್ಳಿ. ಬೀದರ್‌ನಿಂದ ಕಲಬುರಗಿಗೆ ಈಗ ರೈಲು ಇದೆ, ಬಿಸಿಲಲ್ಲಿ ಬಸ್ಸಿನಲ್ಲಿ ತಾಸುಗಟ್ಟಲೆ ಕೂರಿಸೋದಕ್ಕಿಂತ ಮೇಲು.

ಯಾದಗಿರಿ_ಸಿಸ್ಟರ್

ಕೀಮೋ ವಾರ್ಡಿನಲ್ಲಿ ಕೆಲಸ ಮಾಡೋಳು ನಾನು. ಮ್ಯಾಕ್ರೊಫೇಜ್ ಚರ್ಚೆ ನಡೀಲಿ, ನಂಗೂ ಇಷ್ಟ ಆಯ್ತು. ಆದರೆ ಮನೆಯವರು ಈಗ ನೋಡಬೇಕಾದ್ದು ಬೇರೆ ಇದೆ.

ಚಳಿ ಜ್ವರ. ಸ್ಟೆಂಟ್ ಕಟ್ಟಿಕೊಂಡರೆ ನಡುಕ ಬಂದು ಜ್ವರ ಬರುತ್ತೆ, ಕಣ್ಣು ಮತ್ತೆ ಹಳದಿ ಆಗುತ್ತೆ, ಮೂತ್ರ ಕಪ್ಪು ಚಹಾ ಬಣ್ಣಕ್ಕೆ ತಿರುಗುತ್ತೆ. ಮೇಲೆ ಕೀಮೋದಿಂದ ಬಿಳಿ ರಕ್ತಕಣ ಕಮ್ಮಿ. ಥರ್ಮಾಮೀಟರ್‌ನಲ್ಲಿ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಪ್ಯಾರಾಸಿಟಮಾಲ್ ಕೊಟ್ಟು ಬೆಳಗ್ಗೆ ನೋಡೋಣ ಅನ್ನಬೇಡಿ. ಆಗಲೇ, ರಾತ್ರಿ ಎಷ್ಟೇ ಹೊತ್ತಾಗಿರಲಿ, ಹತ್ತಿರದ ದೊಡ್ಡ ಆಸ್ಪತ್ರೆಗೆ. ಕೀಮೋ ಫೈಲ್ ಜೊತೆಗೆ ಒಯ್ಯಿರಿ. ಎಷ್ಟೋ ಮಂದಿ ಕ್ಯಾನ್ಸರ್‌ನಿಂದ ಅಲ್ಲ, ಈ ಒಂದು ರಾತ್ರಿ ಕಾದಿದ್ದರಿಂದ ಹೋಗ್ತಾರೆ.

ಊಟ. ಸಂಡಾಸು ಜಿಡ್ಡಾಗಿ ನೀರಿನ ಮೇಲೆ ತೇಲುತ್ತಿದ್ದರೆ, ನಾತ ಜಾಸ್ತಿ ಇದ್ದರೆ, ಉಂಡದ್ದು ಮೈಗೆ ಹತ್ತುತ್ತಿಲ್ಲ ಅಂತ ಅರ್ಥ. ಪ್ಯಾಂಕ್ರಿಯಾಸ್ ಕಿಣ್ವದ ಕ್ಯಾಪ್ಸೂಲ್ ಬರೆಸಿಕೊಳ್ಳಿ. ಅದನ್ನು ಊಟ ಆದ ಮೇಲೆ ನುಂಗಿದರೆ ದಂಡ. ಮೊದಲ ತುತ್ತಿನ ಜೊತೆ ಒಂದು, ಊಟದ ನಡುವೆ ಇನ್ನೊಂದು, ಎಷ್ಟು ಅಂತ ಡಾಕ್ಟರು ಹೇಳ್ತಾರೆ. ಬಿಸಿ ಚಹಾದಲ್ಲಿ ಬಿಚ್ಚಿ ಹಾಕಬೇಡಿ. ಮನೇಲಿ ಎಣ್ಣೆ, ಶೇಂಗಾ ಎಲ್ಲ ನಿಲ್ಲಿಸಿಬಿಟ್ಟಿರ್ತಾರೆ, ಪೇಶಂಟ್ ಇನ್ನೂ ಸೊರಗುತ್ತಾರೆ. ಕ್ಯಾಪ್ಸೂಲ್ ಜೊತೆ ಸ್ವಲ್ಪ ಸ್ವಲ್ಪ ಕೊಡಿ. ಗಟ್ಟಿ ರೊಟ್ಟಿ ಬೇಡ ಅಂದರೆ ಮೆತ್ತಗಿನ ರೊಟ್ಟಿ ಬೇಳೆಯಲ್ಲಿ ನೆನೆಸಿ ಕೊಡಿ.

ಬೆರಳು ಜೋಮು ಹಿಡಿಯುತ್ತಾ ಕೇಳಿ. ಅಂಗಿ ಗುಂಡಿ ಹಾಕ್ಕೊಳ್ಳೋಕೆ ಆಗ್ತಿಲ್ಲ ಅಂದರೆ ಮುಂದಿನ ಡೋಸ್‌ಗೆ ಮೊದಲೇ ಡಾಕ್ಟರಿಗೆ ಹೇಳಿ, ನ್ಯಾಬ್-ಪ್ಯಾಕ್ಲಿಟಾಕ್ಸೆಲ್‌ನಿಂದ ಅದು ಬರುತ್ತೆ. ಒಂದೇ ಕಾಲು ಬಾತರೆ, ಇದ್ದಕ್ಕಿದ್ದಂತೆ ಏದುಸಿರು ಬಂದರೆ ತಡ ಮಾಡಬೇಡಿ, ಈ ಕ್ಯಾನ್ಸರ್‌ನಲ್ಲಿ ರಕ್ತ ಹೆಪ್ಪುಗಟ್ಟೋದು ಜಾಸ್ತಿ. ನೋವಿಗೆ ಮಾರ್ಫಿನ್ ಬರೆದರೆ ಹೆದರಬೇಡಿ.

ಬೀದರ್_ಹಳೇಪೇಟೆ

ಅಕ್ಕಾ, ಕ್ಯಾಪ್ಸೂಲ್ ಊಟ ಆದಮೇಲೆ ಕೊಡ್ತಿದ್ದಾರೆ ಮನೇಲಿ. ಈಗಲೇ ಫೋನ್ ಮಾಡಿ ಹೇಳ್ತೀನಿ.

ಇನ್ನೊಂದು ಕೇಳಬೇಕು. ಹಾಗಾದರೆ ಕಾಕಾಗೆ ಇಮ್ಯುನೊಥೆರಪಿ ಯಾವುದೂ ಇಲ್ಲವೇ ಇಲ್ಲ ಅಂತಲಾ? ರಕ್ತದಲ್ಲಿ ನೋಡೋ ಕ್ಯಾನ್ಸರ್ ಗುರುತು ಸಿಎ 19-9 ಸಾವಿರ ದಾಟಿತ್ತು, ಅದನ್ನು ನೋಡಿ ಏನಾದರೂ ಹೇಳಬಹುದಾ?

ಆಳಂದ_ಇಮ್ಯುನೊ

ಸಿಎ 19-9 ನೋಡಿ ಅದು ಗೊತ್ತಾಗೋದಿಲ್ಲ. ಪಿತ್ತ ಕಟ್ಟಿಕೊಂಡಾಗಲೂ ಅದು ಏರುತ್ತೆ, ಹಾಗಾಗಿ ಸ್ಟೆಂಟ್ ಹಾಕಿ ಹಳದಿ ಇಳಿದ ಮೇಲಿನ ಲೆಕ್ಕವೇ ಲೆಕ್ಕ. ಕೆಲವರ ರಕ್ತದ ಗುಂಪಿನ ಬಗೆಯಿಂದಾಗಿ ಅದು ಹುಟ್ಟೋದೇ ಇಲ್ಲ.

ಕೇಳಬೇಕಾದ ಪರೀಕ್ಷೆ ಎರಡು. ಒಂದು, ಬಯಾಪ್ಸಿ ತುಣುಕಿನ ಮೇಲೆ ಎಂಎಂಆರ್, ಅಂದರೆ ಡಿಎನ್‌ಎ ನಕಲಿನ ತಪ್ಪು ತಿದ್ದುವ ವ್ಯವಸ್ಥೆ. ನಾಲ್ಕು ಪ್ರೋಟೀನ್ ಇವೆಯೋ ಇಲ್ಲವೋ ಅಂತ ಬಣ್ಣ ಹಾಕಿ ನೋಡ್ತಾರೆ. ಅದು ಕೆಟ್ಟಿದ್ದರೆ ಪೆಂಬ್ರೊಲಿಜುಮಾಬ್ ಅನ್ನೋ ಚೆಕ್‌ಪಾಯಿಂಟ್ ಔಷಧ ಕೆಲಸ ಮಾಡುವ ಸಾಧ್ಯತೆ ಇದೆ. ಪ್ಯಾಂಕ್ರಿಯಾಸ್‌ನಲ್ಲಿ ಇಂಥವರು ನೂರಕ್ಕೆ ಒಬ್ಬರ ಆಸುಪಾಸು, ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ, ಆದರೆ ನೋಡದೇ ಬಿಡಲೂಬೇಡಿ. ಉಳಿದ 99 ಮಂದಿಗೆ ಅದೇ ಔಷಧ ಒಂದೇ ಕೊಟ್ಟರೆ ಹೆಚ್ಚುಕಮ್ಮಿ ಏನೂ ಆಗೋದಿಲ್ಲ, ಮನೆ ಮಾತ್ರ ಖಾಲಿ ಆಗುತ್ತೆ. ಇನ್ನೊಂದು, ರಕ್ತದಲ್ಲಿ ಬಿಆರ್‌ಸಿಎ ಜೀನ್, ವಂಶದಲ್ಲಿ ಬರಬಹುದಾದ ದೋಷ ಇದೆಯಾ ಅಂತ. ಅದು ಕೆಟ್ಟಿದ್ದರೆ ಪ್ಲ್ಯಾಟಿನಂ ಇರುವ ಕೀಮೋ ಚೆನ್ನಾಗಿ ನಾಟುತ್ತೆ. ಆ ಕೀಮೋದಲ್ಲಿ ರೋಗ ಹಿಡಿತಕ್ಕೆ ಬಂದವರಿಗೆ ಆಮೇಲೆ ಒಲಾಪರಿಬ್ ಮಾತ್ರೆ ಇದೆ. 2019ರ ಟ್ರಯಲ್‌ನಲ್ಲಿ ಅದು ರೋಗ ಮತ್ತೆ ಬೆಳೆಯೋದನ್ನು 3.8 ತಿಂಗಳಿಂದ 7.4 ತಿಂಗಳಿಗೆ ದೂಡಿತು. ಕಾಕಾಗೆ ಇದು ಬಂದರೆ ಅವರ ಮಕ್ಕಳು, ತಂಗಿಯರೂ ತೋರಿಸಿಕೊಳ್ಳಬೇಕಾಗುತ್ತೆ.

ಶಹಾಪುರ_ಮಾಸ್ತರ

ಬಯಾಪ್ಸಿ ಹೈದರಾಬಾದಿನಲ್ಲಿ ಆಗಿದೆ, ಈಗ ಮತ್ತೆ ಸೂಜಿ ಹಾಕಿಸಬೇಕೇನು ಹಾಗಾದರೆ?

ಯಾದಗಿರಿ_ಸಿಸ್ಟರ್

ಬಹುಶಃ ಬೇಡ ಸರ್. ಮೊದಲಿನ ತುಣುಕನ್ನು ಮೇಣದಲ್ಲಿ ಕೂರಿಸಿ ಇಟ್ಟಿರ್ತಾರೆ, ಬ್ಲಾಕ್ ಅಂತೀವಿ. ಬಯಾಪ್ಸಿ ಮಾಡಿದ ಆಸ್ಪತ್ರೆಯ ಪೆಥಾಲಜಿ ವಿಭಾಗಕ್ಕೆ ಹೋಗಿ, ರಿಪೋರ್ಟ್ ನಂಬರು ಹೇಳಿ, ಅರ್ಜಿ ಬರೆದು ಕೊಟ್ಟರೆ ಬ್ಲಾಕ್ ಮತ್ತು ಸ್ಲೈಡ್ ಕೊಡ್ತಾರೆ. ಪೇಶಂಟ್ ಆಧಾರ್ ಕಾರ್ಡ್ ಜೆರಾಕ್ಸ್ ಇಟ್ಟುಕೊಂಡು ಹೋಗಿ. ಬ್ಲಾಕನ್ನು ಬಿಸಿಲಲ್ಲಿ ಗಾಡಿಯೊಳಗೆ ಬಿಡಬೇಡಿ, ಮೇಣ ಕರಗುತ್ತೆ, ನಮ್ಮ ಕಡೆ ಬೇಸಿಗೆ ಗೊತ್ತಲ್ಲ. ತುಣುಕು ತೀರಾ ಚಿಕ್ಕದಿದ್ದು ಪರೀಕ್ಷೆಗೆ ಸಾಲದಿದ್ದರೆ ಮಾತ್ರ ಮತ್ತೆ ಬಯಾಪ್ಸಿ ಮಾತು.

ಬೀದರ್_ಹಳೇಪೇಟೆ

ಸೋಮವಾರ ಕೀಮೋಗೆ ಹೋಗೋದಿದೆ, ಬ್ಲಾಕ್ ಅರ್ಜಿ ಆವತ್ತೇ ಕೊಡ್ತೀನಿ. ಆ ಮನುಷ್ಯನಿಗೆ ಸಿಟಿಆರ್‌ಐ ನಂಬರ್ ಕಳಿಸಿ ಅಂತ ಮೆಸೇಜ್ ಹಾಕಿದೀನಿ. ಕಾಕಿಯ ತಮ್ಮ ಮಾತ್ರ ನನ್ನ ಮೇಲೆ ಮುನಿಸಿಕೊಂಡಿದ್ದಾರೆ, "ನೀನು ಕಾಕಾ ಬದುಕೋದಕ್ಕೆ ಅಡ್ಡ ಬರ್ತೀಯಾ" ಅಂತ. ಅವರಿಗೆ ಇದನ್ನೆಲ್ಲ ಹೇಗೆ ಹೇಳೋದೋ.

ಶಹಾಪುರ_ಮಾಸ್ತರ

ಮುಂದಿನ ಸಲ ಆಸ್ಪತ್ರೆಗೆ ಅವರನ್ನೇ ಜೊತೆಗೆ ಕರೆದುಕೊಂಡು ಹೋಗು ತಮ್ಮಾ. ಆ ಪಿಡಿಎಫ್ ಪ್ರಿಂಟ್ ತೆಗೆಸಿ ಅವರ ಕೈಯಲ್ಲೇ ಕೊಡು, ಡಾಕ್ಟರನ್ನು ಅವರೇ ಕೇಳಲಿ. ನೀನು ಸುಮ್ನೆ ಪಕ್ಕದಲ್ಲಿ ಕೂತಿರು.